ಇಲ್ಲದ ಲೋಕದಲ್ಲಿ ಏಳು ಸಂಜೆ

ದೆವ್ವದ ಸಿನಿಮಾ ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ, ಮಾಯಾಲೋಕದ ಕಥೆ ಮಕ್ಕಳಿಗೇ ಸರಿ, ಸೂಪರ್‌ಹೀರೋಗಳಿಗೆ ಕಟ್ಟಡ ಕೆಡವುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ನಿಮ್ಮ ಅಭಿಪ್ರಾಯ ಇದೇ ಆಗಿದ್ದರೆ ಈ ಲೇಖನ ನಿಮಗಾಗಿಯೇ ಬರೆದದ್ದು. ನೀವು ತಪ್ಪೆಂದು ವಾದಿಸಲು ನಾನು ಹೊರಟಿಲ್ಲ. ಆ ಮಾತನ್ನು ನಿಜ ಮಾಡುವ ಸಿನಿಮಾಗಳು ಬೇಕಾದಷ್ಟಿವೆ. ನಾನು ಕೇಳುವುದು ಒಂದು ವಾರದ ಸಂಜೆಗಳನ್ನು ಮಾತ್ರ. ದಿನಕ್ಕೊಂದು ಸಿನಿಮಾ. ಮೊದಲೇ ತಿಳಿದಿರಬೇಕಾದದ್ದು ಏನೂ ಇಲ್ಲ, ಕುತೂಹಲವಿದ್ದರೆ ಸಾಕು.

ಮೊದಲು ಮೂರು ಹೆಸರುಗಳನ್ನು ಪರಿಚಯ ಮಾಡಿಕೊಳ್ಳೋಣ: ಹಾರರ್, ಫ್ಯಾಂಟಸಿ, ಸೂಪರ್‌ಹೀರೋ. ಅಂಗಡಿಯಲ್ಲಿ ಬೇರೆ ಬೇರೆ ಕಪಾಟಿನಲ್ಲಿಟ್ಟರೂ ಇವು ಒಂದೇ ಮನೆತನದವು. ಮೂರಕ್ಕೂ ಬೇಕಾದದ್ದು ಎರಡೇ: ನಮಗೆ ಗೊತ್ತಿರುವ ದಿನನಿತ್ಯದ ಬದುಕು, ಆ ಬದುಕಿನಲ್ಲಿ ಎಂದೂ ನಡೆಯಲಾರದ ಒಂದು ಸಂಗತಿ. ಹಾರರ್‌ನಲ್ಲಿ ಈ ನಡೆಯಲಾರದ್ದು ಕರೆಯದೆ ನಮ್ಮ ಮನೆಯೊಳಗೆ ಬರುತ್ತದೆ. ಫ್ಯಾಂಟಸಿಯಲ್ಲಿ ನಾವೇ ಅದರ ಊರಿಗೆ ಹೋಗುತ್ತೇವೆ. ಸೂಪರ್‌ಹೀರೋ ಕಥೆಯಲ್ಲಿ ಅದು ಯಾರೋ ಒಬ್ಬ ಮನುಷ್ಯನ ಮೈಯಲ್ಲೇ ಬಂದು ಕೂರುತ್ತದೆ. ಪಾಪ, ಅವನು ಮರುದಿನವೂ ಎಂದಿನಂತೆ ಕೆಲಸಕ್ಕೆ ಹೋಗಬೇಕು.

ಇನ್ನೊಂದು ಮಾತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ವಾರವಿಡೀ ಉಪಯೋಗಕ್ಕೆ ಬರುತ್ತದೆ. ಇಂಥ ಸಿನಿಮಾ ಒಳ್ಳೆಯದಾಗಿದ್ದರೆ ಅದರೊಳಗೆ ಒಂದು ಕಟ್ಟಳೆ ಇರುತ್ತದೆ. ಏನು ಆಗಬಹುದು, ಏನು ಆಗಕೂಡದು ಎಂಬುದನ್ನು ಆರಂಭದಲ್ಲೇ ಎಲ್ಲೋ ಒಂದು ಕಡೆ ತಿಳಿಸಿ, ಕೊನೆಯವರೆಗೂ ಅದಕ್ಕೆ ಬದ್ಧವಾಗಿರುತ್ತದೆ. ಈ ಲೆಕ್ಕ ನಮಗೆ ಹೊಸದಲ್ಲ. ಹಿರಣ್ಯಕಶಿಪುವಿನ ವರವನ್ನು ನೆನಪು ಮಾಡಿಕೊಳ್ಳಿ: ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಿಂದಲ್ಲ ಮೃಗದಿಂದಲ್ಲ. ನರಸಿಂಹ ಬಂದು ಆ ವರವನ್ನು ಮುರಿಯಲಿಲ್ಲ. ಪ್ರತಿಯೊಂದು ಷರತ್ತನ್ನೂ ಪಾಲಿಸಿಯೇ ಕೊಂದ. ಮುಸ್ಸಂಜೆ, ಹೊಸ್ತಿಲು ಎಂದು ಕೇಳಿದಾಗ ಬಾಲ್ಯದಲ್ಲಿ ನಿಮಗಾದ ಸಂತೋಷವಿದೆಯಲ್ಲ, ಈ ವಾರ ನಾವು ಹುಡುಕುವುದು ಅದನ್ನೇ. ಬರೀ ಬಲದಿಂದ ಗೆಲ್ಲುವ ಕಥೆಯಲ್ಲಿ ಆ ಸಂತೋಷ ಸಿಗುವುದಿಲ್ಲ.

ಸಿದ್ಧತೆ ದೊಡ್ಡದೇನಲ್ಲ. ಕೋಣೆ ಕತ್ತಲಾಗಿರಲಿ, ಫೋನ್ ಬೇರೆ ಕಡೆ ಇರಲಿ, ಇದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಹೆದರಿಕೆಯಾದರೆ ನಿಲ್ಲಿಸಿ, ದೀಪ ಹಾಕಿ, ನೀರು ಕುಡಿದು ಮುಂದುವರಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಸೋಮವಾರ ತೀರಾ ಹಳೆಯದರಿಂದ ಆರಂಭಿಸೋಣ: ಜರ್ಮನಿಯಲ್ಲಿ ಎಫ್. ಡಬ್ಲ್ಯೂ. ಮುರ್ನೌ 1922ರಲ್ಲಿ ನಿರ್ದೇಶಿಸಿದ ‘ನೋಸ್ಫೆರಾಟು’. ಇದು ಮೂಕಿ ಚಿತ್ರ, ಅಂದರೆ ಮಾತು ಧ್ವನಿಮುದ್ರಣವಾಗಿಲ್ಲ. ಸಂಭಾಷಣೆ ನಡುನಡುವೆ ಅಕ್ಷರದ ಫಲಕಗಳಾಗಿ ಬರುತ್ತದೆ. ಮನೆ ಮಾರಾಟದ ಕಾಗದಪತ್ರ ಹಿಡಿದು ದೂರದ ಕೋಟೆಗೆ ಹೋದ ಯುವಕನೊಬ್ಬ, ಅಲ್ಲಿ ರಕ್ತ ಹೀರುವ ಕೌಂಟ್ ಓರ್ಲೋಕ್‌ನನ್ನು ಕಾಣುತ್ತಾನೆ. ಕೆಲವು ದಿನಗಳಲ್ಲಿ ಓರ್ಲೋಕ್ ಹಡಗು ಹತ್ತಿ, ಇಲಿಗಳನ್ನೂ ಪ್ಲೇಗನ್ನೂ ಜೊತೆಗೆ ತಂದು, ಆ ಯುವಕನ ಊರಿಗೇ ಬಂದಿಳಿಯುತ್ತಾನೆ. ಕಥೆ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯದು. ಆದರೆ ನಿರ್ಮಾಪಕರು ಅನುಮತಿ ಪಡೆದಿರಲಿಲ್ಲ, ಹೆಸರುಗಳನ್ನು ಬದಲಿಸಿದ್ದರು. ಸ್ಟೋಕರ್ ಪತ್ನಿ ಫ್ಲಾರೆನ್ಸ್ ಮೊಕದ್ದಮೆ ಹೂಡಿ ಗೆದ್ದರು; ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು ತೀರ್ಪಾಯಿತು. ಹೇಗೋ ಉಳಿದುಕೊಂಡ ಪ್ರತಿಗಳಿಂದಾಗಿ ಇಂದು ನಾವು ಅದನ್ನು ನೋಡುತ್ತಿದ್ದೇವೆ.

ಇಲ್ಲೊಂದು ಕಟ್ಟಳೆ ಹುಟ್ಟಿದ್ದನ್ನು ಗಮನಿಸಿ. ಕಾದಂಬರಿಯ ಡ್ರಾಕುಲಾ ಹಗಲಿನಲ್ಲೂ ಓಡಾಡಬಲ್ಲ, ಆಗ ಅವನ ಶಕ್ತಿ ಕುಂದಿರುತ್ತದೆ ಅಷ್ಟೆ. ಸೂರ್ಯನ ಬೆಳಕು ತಾಗಿದರೆ ರಕ್ತಪಿಶಾಚಿ ಸಾಯುತ್ತದೆ ಎಂಬುದನ್ನು ತಂದವರು ಈ ಸಿನಿಮಾದವರು. ಆಮೇಲೆ ಬಂದ ನೂರಾರು ಸಿನಿಮಾಗಳು ಅದನ್ನು ಶಾಸ್ತ್ರವೆಂಬಂತೆ ಒಪ್ಪಿಕೊಂಡವು. ಪ್ರತಿ ಆರಿಸುವಾಗ ಒಂದು ಎಚ್ಚರಿಕೆ ಬೇಕು. ಆ ಕಾಲದ ಫಿಲ್ಮಿಗೆ ರಾತ್ರಿಯಲ್ಲಿ ಚಿತ್ರ ಹಿಡಿಯುವ ಶಕ್ತಿ ಇರಲಿಲ್ಲವಾದ್ದರಿಂದ, ಹೊರಾಂಗಣದ ರಾತ್ರಿ ದೃಶ್ಯಗಳನ್ನು ಹಗಲಿನಲ್ಲೇ ತೆಗೆದು ಫಿಲ್ಮಿಗೆ ನೀಲಿ ಬಣ್ಣ ಕೊಡುತ್ತಿದ್ದರು. ಬಣ್ಣ ಕಳೆದುಕೊಂಡ ಅಗ್ಗದ ಪ್ರತಿಗಳಲ್ಲಿ ಓರ್ಲೋಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮಟಮಟ ಮಧ್ಯಾಹ್ನ ಬೀದಿಯಲ್ಲಿ ನಡೆದಂತೆ ಕಾಣುತ್ತದೆ! ಬಣ್ಣ ಸರಿಪಡಿಸಿದ ಪ್ರತಿಯನ್ನೇ ಹುಡುಕಿ. ಕೊನೆಯಲ್ಲಿ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ನೆರಳೊಂದು ಏರಿ ಬರುತ್ತದೆ. ಓರ್ಲೋಕ್ ಅಲ್ಲಿ ಕಾಣುವುದೇ ಇಲ್ಲ, ಕಾಣುವುದು ಬಾಗಿದ ಬೆನ್ನು ಮತ್ತು ಉದ್ದುದ್ದ ಬೆರಳುಗಳ ನೆರಳು.

ಆ ನೆರಳಿನ ಪಾಠವನ್ನೇ ಮಂಗಳವಾರ ಮುಂದುವರಿಸುತ್ತೇವೆ. ಈ ವಾರದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಿನಿಮಾ ಇದು, ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ಇಲ್ಲೇ ನಿಲ್ಲುತ್ತೇನೆ. ಹೆಸರು ‘ಕ್ಯಾಟ್ ಪೀಪಲ್’, ವರ್ಷ 1942, ನಿರ್ದೇಶಕ ಜಾಕ್ ಟೂರ್ನರ್, ನಿರ್ಮಾಪಕ ವಾಲ್ ಲ್ಯೂಟನ್. ಆರ್‌ಕೆಓ ಸ್ಟುಡಿಯೋ ಲ್ಯೂಟನ್‌ಗೆ ಕೊಟ್ಟದ್ದು ಕಡಿಮೆ ಹಣ ಮತ್ತು ಒಂದು ಶೀರ್ಷಿಕೆ. ಆ ಶೀರ್ಷಿಕೆಗೆ ಒಪ್ಪುವ ಕಥೆಯನ್ನು ಅವನೇ ಕಟ್ಟಬೇಕಿತ್ತು. ನ್ಯೂಯಾರ್ಕಿನಲ್ಲಿ ಇರೇನಾ ಎಂಬ ಸರ್ಬಿಯಾ ಮೂಲದ ಚಿತ್ರಕಲಾವಿದೆ ಇದ್ದಾಳೆ. ಕೋಪ ಬಂದರೆ, ಪ್ರೀತಿ ಉಕ್ಕಿದರೆ, ತಾನು ಕರಿಚಿರತೆಯಾಗುತ್ತೇನೆ ಎಂದು ಅವಳು ನಂಬಿದ್ದಾಳೆ. ಅವಳ ಗಂಡ ನಂಬುವುದಿಲ್ಲ. ತನ್ನ ಮನಸ್ಸಿನ ಕಷ್ಟವನ್ನು ಸಹೋದ್ಯೋಗಿ ಆಲಿಸ್ ಬಳಿ ಹೇಳಿಕೊಳ್ಳುತ್ತಾನೆ. ಇರೇನಾಗೆ ಅದು ಗೊತ್ತಾಗುತ್ತದೆ.

ಒಂದು ರಾತ್ರಿ ಆಲಿಸ್ ಉದ್ಯಾನವನದ ಪಕ್ಕದ ರಸ್ತೆಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ. ಹಿಂದೆ ಇರೇನಾ. ಇಲ್ಲಿ ಹಿನ್ನೆಲೆ ಸಂಗೀತವಿಲ್ಲ, ಹೈಹೀಲ್ಡ್ ಚಪ್ಪಲಿಗಳ ಟಕ್ ಟಕ್ ಸದ್ದು ಮಾತ್ರ. ಇಬ್ಬರ ಹೆಜ್ಜೆಗಳೂ ಬೇರೆ ಬೇರೆಯಾಗಿ ಕೇಳುತ್ತವೆ, ಒಬ್ಬಳದು ನಿಧಾನ, ಇನ್ನೊಬ್ಬಳದು ಅವಸರ. ದೀಪದ ಕಂಬದ ಬೆಳಕು, ಕತ್ತಲು, ಮತ್ತೆ ಬೆಳಕು. ಇದ್ದಕ್ಕಿದ್ದಂತೆ ಹಿಂದಿನ ಹೆಜ್ಜೆ ಸದ್ದು ನಿಂತುಹೋಗುತ್ತದೆ. ಆಲಿಸ್ ತಿರುಗಿ ನೋಡುತ್ತಾಳೆ, ರಸ್ತೆ ಖಾಲಿ. ಓಡತೊಡಗುತ್ತಾಳೆ. ನಾವು ಉಸಿರು ಬಿಗಿಹಿಡಿದು ಪೊದೆಯನ್ನೇ ನೋಡುತ್ತಿರುವಾಗ ಪಕ್ಕದಿಂದ ಬುಸ್ಸೆಂದು ಏನೋ ನುಗ್ಗುತ್ತದೆ. ಏನದು? ಬಸ್ಸು. ಬ್ರೇಕಿನ ಗಾಳಿಯ ಸದ್ದು ಅದು. ಆಲಿಸ್ ಹತ್ತಿಕೊಳ್ಳುತ್ತಾಳೆ, ಬಸ್ಸು ಹೊರಡುತ್ತದೆ, ಪೊದೆಯ ಕೊಂಬೆ ಅಲುಗುತ್ತಿರುತ್ತದೆ.

ಹೀಗೆ ದಿಢೀರನೆ ಬೆಚ್ಚಿಬೀಳಿಸುವುದಕ್ಕೆ ‘ಜಂಪ್ ಸ್ಕೇರ್’ ಎನ್ನುತ್ತಾರೆ. ಅಂಥ ಬೆಚ್ಚುವಿಕೆಗೆ ಕಾರಣ ಕೊನೆಗೆ ಏನೂ ಅಲ್ಲದ ವಸ್ತುವಾಗಿದ್ದರೆ ಸಿನಿಮಾದವರು ಇಂದಿಗೂ ‘ಲ್ಯೂಟನ್ ಬಸ್’ ಎನ್ನುವುದುಂಟು. ಇಂದಿನ ಅನೇಕ ಹಾರರ್ ಸಿನಿಮಾಗಳು ಕಲಿತದ್ದು ಬಸ್ಸನ್ನು ಮಾತ್ರ, ಅದಕ್ಕೆ ಮುಂಚಿನ ನಡಿಗೆಯನ್ನಲ್ಲ. ಬೀರು ಬಾಗಿಲು ಢಂ ಎಂದರೆ ಯಾರಾದರೂ ಬೆಚ್ಚುತ್ತಾರೆ, ಅದು ಕಿವಿಯ ಕೆಲಸ. ಬಸ್ಸು ಬರುವ ಮೊದಲಿನ ಆ ನಿಶ್ಶಬ್ದದಲ್ಲಿ ಚಿರತೆಯನ್ನು ಸೃಷ್ಟಿಸಿದವರು ನೀವೇ, ಪರದೆಯ ಮೇಲೆ ಅದು ಇರಲೇ ಇಲ್ಲ. ರಾತ್ರಿ ಬಯಲಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಒಮ್ಮೆಲೇ ಮುಖ ತೋರಿಸುವುದಿಲ್ಲ. ತೆರೆಯ ಹಿಂದಿನಿಂದ ಮೊದಲು ಅಬ್ಬರ ಕೇಳುತ್ತದೆ, ಆಮೇಲೆ ಕಿರೀಟದ ತುದಿ ಕಾಣುತ್ತದೆ. ಮುಖ ಕಾಣುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿರುತ್ತಾರೆ.

ಈ ದೃಶ್ಯವನ್ನು ಎರಡನೆಯ ಸಲ ಧ್ವನಿ ಪೂರ್ತಿ ನಿಲ್ಲಿಸಿ ನೋಡಿ. ಭಯವೇ ಆಗುವುದಿಲ್ಲ. ಹಾರರ್ ಹೆಚ್ಚಾಗಿ ಕಿವಿಯ ಕಲೆ ಎಂದು ನಾನು ಹೇಳುವುದಕ್ಕಿಂತ ನೀವೇ ಹೀಗೆ ಪರೀಕ್ಷಿಸಿ ನೋಡುವುದು ಮೇಲು.

ಬುಧವಾರಕ್ಕೆ 2018ರ ಹಿಂದಿ ಸಿನಿಮಾ ‘ತುಂಬಾಡ್’. ಮಕ್ಕಳನ್ನು ಜೊತೆಯಲ್ಲಿ ಕೂರಿಸಿಕೊಳ್ಳಬೇಡಿ. ರಾಹಿ ಅನಿಲ್ ಬರ್ವೆ ನಿರ್ದೇಶಿಸಿದ ಇದು ಮಹಾರಾಷ್ಟ್ರದ ಸದಾ ಮಳೆ ಸುರಿಯುವ ಹಳ್ಳಿಯೊಂದರಲ್ಲಿ, 1918ರಿಂದ 1947ರವರೆಗೆ ನಡೆಯುತ್ತದೆ. ಇಲ್ಲಿನ ಕಟ್ಟಳೆ ಗಣಿತದಷ್ಟು ಖಚಿತ. ಹಸ್ತರ್ ಎಂಬ ಶಪಿತ ದೇವತೆಯ ಬಳಿ ಚಿನ್ನವಿದೆ, ಹೊಟ್ಟೆಗೆ ಅನ್ನವಿಲ್ಲ. ಅವನಿಗೆ ಹಿಟ್ಟಿನ ಗೊಂಬೆ ಎಸೆದು, ಅವನು ಅದನ್ನು ತಿನ್ನುವಷ್ಟರಲ್ಲಿ ಸೊಂಟದ ಬಟ್ಟೆಯಿಂದ ನಾಣ್ಯ ಕಿತ್ತುಕೊಂಡು ಬರಬೇಕು. ಒಂದು ಗೊಂಬೆಗೆ ಸಿಗುವುದು ಕೆಲವೇ ನಾಣ್ಯ. ಹೆಚ್ಚು ಬೇಕೆನಿಸಿದಾಗ ಏನಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಇದನ್ನು ಹಾರರ್ ಎನ್ನಬೇಕೋ ಫ್ಯಾಂಟಸಿ ಎನ್ನಬೇಕೋ ಎಂದು ಯಾರಾದರೂ ಕೇಳಿದರೆ ಅವಸರಪಡದೆ ಒಂದೇ ಒಂದನ್ನು ನೋಡಿ: ಹಸ್ತರ್ ಮನೆಗೆ ಬರುತ್ತಾನೋ, ಕಥಾನಾಯಕ ವಿನಾಯಕ ಹಸ್ತರ್ ಇರುವಲ್ಲಿಗೆ ಇಳಿಯುತ್ತಾನೋ?

ಇಳಿದವರು ನಾವಾಗಿದ್ದರಿಂದ ಗುರುವಾರ ಫ್ಯಾಂಟಸಿಗೆ ಹೋಗಲು ದಾರಿ ಸಿಕ್ಕಂತಾಯಿತು. ಮೂರು ದಿನ ಹೆದರಿದ್ದಕ್ಕೆ ಈಗ ಊಟ ಕಾದಿದೆ. ಕೆ. ವಿ. ರೆಡ್ಡಿ ನಿರ್ದೇಶನದಲ್ಲಿ ವಿಜಯಾ ಪ್ರೊಡಕ್ಷನ್ಸ್ 1957ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಒಟ್ಟಿಗೆ ತೆಗೆದ ‘ಮಾಯಾಬಜಾರ್’ ಅನ್ನು ನಿಮ್ಮ ಮನೆಯ ಹಿರಿಯರು ಖಂಡಿತ ಹೆಸರಿಸಿರುತ್ತಾರೆ. ಬಲರಾಮನ ಮಗಳು ಶಶಿರೇಖೆ ಅಭಿಮನ್ಯುವಿಗೆ ಒಲಿದಿದ್ದಾಳೆ. ಅಪ್ಪ ಅವಳನ್ನು ದುರ್ಯೋಧನನ ಮಗನಿಗೆ ಕೊಡಲು ಒಪ್ಪಿದ್ದಾನೆ. ಘಟೋತ್ಕಚ ಬಂದು ಮದುವೆಯನ್ನು ತಲೆಕೆಳಗು ಮಾಡುತ್ತಾನೆ. ವ್ಯಾಸಭಾರತದಲ್ಲಿ ಈ ಕಥೆ ಇಲ್ಲ. ನಮ್ಮ ಯಕ್ಷಗಾನದಲ್ಲಿ ಇದೆ, ಅಲ್ಲಿ ಹುಡುಗಿಯ ಹೆಸರು ಕನಕಾಂಗಿ, ಪ್ರಸಂಗ ‘ಕನಕಾಂಗಿ ಕಲ್ಯಾಣ’. ಇಡೀ ಸಿನಿಮಾದಲ್ಲಿ ಪಾಂಡವರು ಒಮ್ಮೆಯೂ ಪರದೆಯ ಮೇಲೆ ಬರುವುದಿಲ್ಲ. ಬಹಳ ಮಂದಿ ಇದನ್ನು ಗಮನಿಸುವುದೇ ಇಲ್ಲ.

ಘಟೋತ್ಕಚನ ಊಟವನ್ನು ಹತ್ತಿರದಿಂದ ನೋಡೋಣ. ಎಸ್. ವಿ. ರಂಗರಾವ್ ಮದುವೆಯ ಭಕ್ಷ್ಯಗಳ ಮುಂದೆ ಕೂತಿದ್ದಾರೆ. ಲಾಡುಗಳು ತಾವಾಗಿಯೇ ಎದ್ದು ಬಾಯಿಗೆ ಬೀಳುತ್ತವೆ, ದೇಹ ಬೆಳೆಯುತ್ತಾ ಹೋಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಇದನ್ನೆಲ್ಲ ಕ್ಯಾಮೆರಾದ ಲೆಕ್ಕಾಚಾರದಿಂದಲೇ ಸಾಧಿಸಿದರು. ಇಂಥ ಕೈಚಳಕಗಳಲ್ಲಿ ಅತಿ ಹಳೆಯದು ಹೀಗೆ: ಕ್ಯಾಮೆರಾ ಓಡುತ್ತಿದ್ದಾಗ ನಿಲ್ಲಿಸಿ, ಎದುರಿಗಿದ್ದ ವಸ್ತುವನ್ನು ಬದಲಿಸಿ, ಮತ್ತೆ ಓಡಿಸುವುದು. ನೋಡುವವರಿಗೆ ಒಂದು ಮಾಯವಾಗಿ ಇನ್ನೊಂದು ಬಂದಂತೆ ಕಾಣುತ್ತದೆ. ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆಸ್ 1896ರಲ್ಲೇ ಇದನ್ನು ಬಳಸಿ ಹೆಂಗಸೊಬ್ಬಳನ್ನು ಕುರ್ಚಿಯಿಂದ ಮಾಯ ಮಾಡಿದ್ದ. ಆದರೆ ರಂಗರಾವ್ ಮುಖ ನೋಡಿ, ಲಾಡನ್ನಲ್ಲ. ತಂತ್ರ ಅರ್ಧ ಕೆಲಸ ಮಾಡಿದೆ, ಉಳಿದರ್ಧವನ್ನು ಆ ಮುಖದ ತೃಪ್ತಿ ಪೂರೈಸುತ್ತದೆ. ಮುಂದೆ ಘಟೋತ್ಕಚ ಶಶಿರೇಖೆಯ ರೂಪ ತಾಳಿದಾಗ ಯಾವ ತಂತ್ರವೂ ಇಲ್ಲ, ಇರುವುದು ಸಾವಿತ್ರಿಯವರ ನಟನೆ: ಹೆಣ್ಣಿನ ಅಲಂಕಾರ, ರಾಕ್ಷಸನ ಗತ್ತು. ಮಂಟಪದಲ್ಲಿ ಆಕೆ ಮದುಮಗನನ್ನು ಕಂಗಾಲು ಮಾಡುವುದನ್ನು ನೋಡುವಾಗ ಸಬ್‌ಟೈಟಲ್, ಅಂದರೆ ಪರದೆಯ ಕೆಳಗೆ ಬರುವ ಅನುವಾದ, ಓದುವ ಅಗತ್ಯವೇ ಬೀಳದು.

ಇಲ್ಲೂ ಕಟ್ಟಳೆಗಳಿವೆ. ಸತ್ಯಪೀಠದ ಮೇಲೆ ನಿಂತವರ ಬಾಯಿಂದ ಸತ್ಯವೇ ಹೊರಡುತ್ತದೆ. ಅದನ್ನು ತೋರಿಸಿದ ಕೂಡಲೇ ನಮ್ಮ ಮನಸ್ಸು ಕೇಳುವುದು ಒಂದೇ: ಶಕುನಿ ಯಾವಾಗ ಹತ್ತುತ್ತಾನೆ? ಕಾದು ನೋಡಿ.

ಶುಕ್ರವಾರ ಜಪಾನಿಗೆ. ಹಯಾವೊ ಮಿಯಾಜಾಕಿಯವರ ‘ಸ್ಪಿರಿಟೆಡ್ ಅವೇ’ 2001ರ ಆನಿಮೇಷನ್ ಚಿತ್ರ, ಅಂದರೆ ಒಂದೊಂದೇ ಚಿತ್ರ ಬರೆದು ಜೋಡಿಸಿ ಚಲಿಸುವಂತೆ ಮಾಡಿದ್ದು. 2003ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರ ಪ್ರಶಸ್ತಿ ಇದಕ್ಕೆ ಸಿಕ್ಕಿತು. ಹತ್ತು ವರ್ಷದ ಚಿಹಿರೊಳ ಅಪ್ಪ ಅಮ್ಮ ತಮ್ಮದಲ್ಲದ ಊಟ ತಿಂದು ಹಂದಿಗಳಾಗುತ್ತಾರೆ. ಅವಳು ದೇವತೆಗಳು ಸ್ನಾನಕ್ಕೆ ಬರುವ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಯಜಮಾನಿ ಯುಬಾಬಾ ಅವಳ ಹೆಸರಿನ ಅಕ್ಷರಗಳನ್ನು ಕಾಗದದಿಂದಲೇ ಎತ್ತಿಕೊಳ್ಳುತ್ತಾಳೆ. ಸ್ವಂತ ಹೆಸರು ಮರೆತರೆ ಮನೆಗೆ ಮರಳುವ ದಾರಿಯೂ ಮರೆತಂತೆ. ಒಂದು ದೃಶ್ಯದಲ್ಲಿ ಗಬ್ಬು ನಾರುವ ಕೆಸರಿನ ಮುದ್ದೆಯಂಥ ಅತಿಥಿಯೊಬ್ಬ ಬರುತ್ತಾನೆ. ಅವನ ಮೈಯಿಂದ ಚಿಹಿರೊ ಒಂದು ಮುಳ್ಳಿನಂಥದ್ದನ್ನು ಹಿಡಿದೆಳೆದರೆ ಅದು ಸೈಕಲ್ಲಿನ ಹಿಡಿ. ಬೆನ್ನಿಗೇ ರಾಶಿ ರಾಶಿ ಕಸ ಹೊರಬರುತ್ತದೆ. ಅತಿಥಿ ಒಬ್ಬ ನದಿ ದೇವತೆ. ತಾವು ನದಿ ಸ್ವಚ್ಛಗೊಳಿಸುವಾಗ ನಿಜಕ್ಕೂ ಸೈಕಲ್ ಸಿಕ್ಕಿದ್ದನ್ನು ಮಿಯಾಜಾಕಿ ಹೇಳಿದ್ದಾರೆ. ಎಷ್ಟೇ ದೂರದ ಲೋಕಕ್ಕೆ ಹೋದರೂ ನಮ್ಮ ಊರಿನ ಕಸ ನಮ್ಮ ಜೊತೆಗೇ ಬಂದಿರುತ್ತದೆ!

ಇನ್ನು ವಾರಾಂತ್ಯ. ಅತಿಮಾನುಷ ಶಕ್ತಿಯಿದ್ದು, ಅದನ್ನು ಇತರರಿಗಾಗಿ ಬಳಸುವ, ಬಹುತೇಕ ಗುಟ್ಟಾಗಿ ಬದುಕುವ ವ್ಯಕ್ತಿಯನ್ನು ಸೂಪರ್‌ಹೀರೋ ಎನ್ನುತ್ತೇವೆ. ಈ ಮಾದರಿಯನ್ನು ಗಟ್ಟಿ ಮಾಡಿದ್ದು ಸೂಪರ್‌ಮ್ಯಾನ್. ಅಮೆರಿಕದ ಕ್ಲೀವ್‌ಲ್ಯಾಂಡಿನ ಇಬ್ಬರು ಯುವಕರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಅವನನ್ನು ಸೃಷ್ಟಿಸಿ 1938ರಲ್ಲಿ ಹಕ್ಕುಗಳನ್ನು 130 ಡಾಲರಿಗೆ ಮಾರಿಬಿಟ್ಟರು. ಶನಿವಾರ ನೀವು ನೋಡುವುದು ರಿಚರ್ಡ್ ಡಾನರ್ ನಿರ್ದೇಶಿಸಿದ 1978ರ ‘ಸೂಪರ್‌ಮ್ಯಾನ್’.

ಹಾರುವುದನ್ನು ಹೇಗೆ ತೋರಿಸಿದರು ಎಂಬ ಕುತೂಹಲ ನಿಮಗಿರುತ್ತದೆ. ನಟನ ಹಿಂದೆ ವಿಶೇಷ ಪರದೆಯೊಂದಿದೆ, ಅದರ ಮೇಲೆ ಪ್ರೊಜೆಕ್ಟರಿನಿಂದ ಆಕಾಶದ ಚಿತ್ರ ಬೀಳುತ್ತದೆ. ಕ್ಯಾಮೆರಾಕ್ಕೂ ಪ್ರೊಜೆಕ್ಟರಿಗೂ ಜೂಮ್ ಲೆನ್ಸ್, ಅಂದರೆ ಇದ್ದಲ್ಲಿಂದಲೇ ದೂರದ್ದನ್ನು ಹತ್ತಿರ ತರುವ ಮಸೂರ. ಎರಡನ್ನೂ ಒಂದಕ್ಕೊಂದು ಜೋಡಿಸಿ ಒಟ್ಟಿಗೇ ತಿರುಗಿಸಿದರೆ ಆಕಾಶದ ಗಾತ್ರ ಬದಲಾಗುವುದಿಲ್ಲ, ನಟ ಮಾತ್ರ ದೊಡ್ಡವನಾಗುತ್ತಾನೆ. ತೂಗುಹಾಕಿದ ಮನುಷ್ಯ ಇದ್ದಲ್ಲೇ ಇದ್ದಾನೆ, ನಮಗೆ ಮಾತ್ರ ಹಾರಿ ಬಂದಂತೆ ಕಾಣುತ್ತಾನೆ.

ಆದರೂ ಈ ಸಿನಿಮಾದ ನಿಜವಾದ ಚಮತ್ಕಾರ ನೆಲದ ಮೇಲೆ ನಡೆಯುತ್ತದೆ. ಸೂಪರ್‌ಮ್ಯಾನ್ ಪಾತ್ರದ ಕ್ರಿಸ್ಟೊಫರ್ ರೀವ್ ಪೆದ್ದು ಪತ್ರಕರ್ತ ಕ್ಲಾರ್ಕ್‌ನ ವೇಷದಲ್ಲಿ ಸಹೋದ್ಯೋಗಿ ಲೋಯಿಸ್ ಮನೆಗೆ ಬಂದಿದ್ದಾರೆ. ಅವಳು ಒಳಕೋಣೆಗೆ ಹೋದಾಗ ಕನ್ನಡಕ ತೆಗೆಯುತ್ತಾರೆ. ಬೆನ್ನು ನೇರವಾಗುತ್ತದೆ, ಭುಜ ಅಗಲವಾಗುತ್ತದೆ, ದನಿ ಆಳಕ್ಕಿಳಿಯುತ್ತದೆ. ಕಣ್ಣೆದುರೇ ಬೇರೆ ಮನುಷ್ಯ. ನಿಜ ಹೇಳಿಬಿಡಬೇಕೆನ್ನುವಷ್ಟರಲ್ಲಿ ಧೈರ್ಯ ಸಾಲದೆ ಮತ್ತೆ ಕನ್ನಡಕ, ಮತ್ತೆ ಗೂನು. ಕನ್ನಡಕ ಹಾಕಿದ ಮಾತ್ರಕ್ಕೆ ಗುರುತು ಸಿಗದಿರುವುದು ಹೇಗೆ ಎಂದು ನಗುವವರಿಗೆ ನಾನು ಈ ದೃಶ್ಯವನ್ನೇ ತೋರಿಸುತ್ತೇನೆ.

ಭಾನುವಾರಕ್ಕೆ ಮಲಯಾಳದ ‘ಮಿನ್ನಲ್ ಮುರಳಿ’. ಬಾಸಿಲ್ ಜೋಸೆಫ್ ನಿರ್ದೇಶನ, 2021. ಕನ್ನಡಕ್ಕೂ ಡಬ್ ಆಗಿದೆ. ಅಮೆರಿಕಕ್ಕೆ ಹಾರಬೇಕೆಂದಿರುವ ಹಳ್ಳಿಯ ಟೈಲರ್ ಜೈಸನ್‌ಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ತನಗೆ ಏನಾಗಿದೆ ಎಂದು ಅವನಿಗೆ ತಿಳಿಯದು. ಅಕ್ಕನ ಮಗ, ಪುಟ್ಟ ಹುಡುಗ, ಸೂಪರ್‌ಹೀರೋ ಕಥೆಗಳನ್ನು ಅರೆದು ಕುಡಿದವನು, ಮೇಷ್ಟರಂತೆ ಮಾವನಿಗೆ ಪರೀಕ್ಷೆ ಮಾಡುತ್ತಾನೆ. ಈ ವಾರ ನಾವು ಕಲಿತ ಕಟ್ಟಳೆಗಳನ್ನೆಲ್ಲ ಆ ಹುಡುಗ ಮೊದಲೇ ಬಲ್ಲ. ಮೊದಲ ವೇಷ ಪಂಚೆ ಮತ್ತು ಮುಖಕ್ಕೆ ಸುತ್ತಿಕೊಂಡ ಬಟ್ಟೆ. ಇಷ್ಟರವರೆಗೆ ನಗು.

ಅದೇ ಹೊತ್ತಿಗೆ ಅದೇ ಊರಿನಲ್ಲಿ ಇನ್ನೊಬ್ಬನಿಗೂ ಸಿಡಿಲು ಬಡಿದಿದೆ: ಚಹಾದಂಗಡಿಯಲ್ಲಿ ದುಡಿಯುವ ಶಿಬು. ಊರು ಅವನನ್ನು ಹುಚ್ಚನೆಂದು ಬದಿಗಿಟ್ಟಿದೆ. ಉಷಾ ಎಂಬವಳನ್ನು ಅವನು ವರ್ಷಗಟ್ಟಲೆ ಮನಸ್ಸಿನಲ್ಲೇ ಪ್ರೀತಿಸಿದ್ದಾನೆ. ಬಂದ ಶಕ್ತಿಯನ್ನು ಅವನು ಮೊದಲು ಬಳಸುವುದು ಅವಳಿಗಾಗಿ. ಶಿಬು ಪಾತ್ರದ ಗುರು ಸೋಮಸುಂದರಂ ಅವರ ಕಣ್ಣುಗಳನ್ನು ನೋಡುತ್ತಾ ಹೋದರೆ ಒಂದು ಹಂತದಲ್ಲಿ ನಾಯಕ ಯಾರೆಂಬುದೇ ಮರೆತುಹೋಗುತ್ತದೆ. ಇಬ್ಬರಿಗೂ ಸಿಕ್ಕ ಸಿಡಿಲು ಒಂದೇ, ಇಬ್ಬರನ್ನು ಊರು ನಡೆಸಿಕೊಂಡ ರೀತಿ ಬೇರೆ. ಕೋಟಿ ಕೋಟಿ ಸುರಿದ ಹಾಲಿವುಡ್ ಸೂಪರ್‌ಹೀರೋ ಚಿತ್ರಗಳಲ್ಲಿ ಇಷ್ಟು ಚೆನ್ನಾಗಿ ಕಟ್ಟಿದ ಖಳ ಅಪರೂಪ ಎಂಬುದು ನನ್ನ ಅಭಿಪ್ರಾಯ.

ಮುಂದಿನ ವಾರಕ್ಕೂ ಆಸೆ ಉಳಿದಿದ್ದರೆ ಹಿಚ್‌ಕಾಕ್‌ನ ‘ಸೈಕೋ’, ಗಿಯೆರ್ಮೊ ಡೆಲ್ ಟೊರೊನ ‘ಪ್ಯಾನ್ಸ್ ಲ್ಯಾಬಿರಿಂತ್’, ಕನ್ನಡದ್ದೇ ಆದ ‘ನಾ ನಿನ್ನ ಬಿಡಲಾರೆ’, ಉಪೇಂದ್ರ ನಿರ್ದೇಶನದ ‘ಶ್!’ ಕಾದಿವೆ. ಮನೆಪಾಠವಾಗಿ ಒಂದನ್ನು ಕೊಡುತ್ತೇನೆ, ನೀವು ಬಹುಶಃ ಟಿವಿಯಲ್ಲಿ ಹತ್ತಾರು ಸಲ ನೋಡಿರುವ ‘ಆಪ್ತಮಿತ್ರ’. ಮಲಯಾಳದ ‘ಮಣಿಚಿತ್ರತ್ತಾಳ್’ ಆಧರಿಸಿ ಪಿ. ವಾಸು 2004ರಲ್ಲಿ ಮಾಡಿದ ಈ ಚಿತ್ರದಲ್ಲಿ ಮನೋವೈದ್ಯ ವಿಷ್ಣುವರ್ಧನ್ ಎಲ್ಲಕ್ಕೂ ಕಾರಣ ವಿವರಿಸುತ್ತಾರೆ: ನಾಗವಲ್ಲಿ ದೆವ್ವವಲ್ಲ, ನಟಿ ಸೌಂದರ್ಯ ಮಾಡಿದ ಪಾತ್ರದ ಮನಸ್ಸಿನ ಕಾಯಿಲೆ. ಹಾಗಾದರೆ ಕಟ್ಟಳೆ ಸ್ಪಷ್ಟ, ಈ ಮನೆಯಲ್ಲಿ ಅತಿಮಾನುಷವಾದದ್ದು ಏನೂ ಇಲ್ಲ. ಈಗ ನೋಟ್‌ಪುಸ್ತಕ ಹಿಡಿದು ಮತ್ತೊಮ್ಮೆ ನೋಡಿ, ಆ ಮನೆಯಲ್ಲಿ ಓಡಾಡುವ ಭಾರೀ ಹಾವಿಗೆ ಅಲ್ಲಿ ಏನು ಕೆಲಸ ಎಂಬುದನ್ನು ಬರೆದುಕೊಂಡು ಬನ್ನಿ.